ಬಫಲೋ ಮೇಲೆ ಸುರಿದ ಸರೋವರ

2014ರ ನವೆಂಬರ್ 18, ಮಂಗಳವಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಅಂಚಿನಲ್ಲಿರುವ ಬಫಲೋ ನಗರದ ಉತ್ತರ ಭಾಗದಲ್ಲಿ ಜನ ಹೆಚ್ಚುಕಡಿಮೆ ಎಂದಿನಂತೆ ಓಡಾಡಿಕೊಂಡಿದ್ದರು. ದಕ್ಷಿಣಕ್ಕೆ ಮುಖ ಮಾಡಿದರೆ ನೆಲದಿಂದ ಮೋಡದವರೆಗೆ ಬಿಳಿಯ ಗೋಡೆಯೊಂದು ನಿಂತದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಆ ಗೋಡೆಯೊಳಗೆ ಸಿಕ್ಕ ಬಡಾವಣೆಗಳಲ್ಲಿ ಗಂಟೆಗೆ ಹತ್ತು ಸೆಂಟಿಮೀಟರಿನಷ್ಟು ಹಿಮ ಬೀಳುತ್ತಿತ್ತು, ನಡುನಡುವೆ ಗುಡುಗು, ಮಿಂಚು. ಮುಂಬಾಗಿಲನ್ನು ಒಳಕ್ಕೆಳೆದವರಿಗೆ ಅಂಗಳವೇ ಕಾಣಲಿಲ್ಲ. ಬಾಗಿಲಿನ ಎತ್ತರಕ್ಕೆ ಹಿಮ ನಿಂತಿತ್ತು. ಬಾಗಿಲ ಹಲಗೆಯ ಚೌಕಗಳು, ಹಿಡಿಯ ಗುಂಡು ಕೂಡ ಅದರ ಮೈಮೇಲೆ ಅಚ್ಚೊತ್ತಿದ್ದವು.

ಬಫಲೋದಲ್ಲಿ ಇಡೀ ಚಳಿಗಾಲಕ್ಕೆ ಸರಾಸರಿ ಬೀಳುವ ಹಿಮ ಸುಮಾರು 2.4 ಮೀಟರ್. ಆ ವಾರ ಊರಿನ ಆಗ್ನೇಯದ ಕೆಲವು ಕಡೆ ಮೂರ್ನಾಲ್ಕು ದಿನಗಳಲ್ಲೇ ಹಿಮ ಎರಡು ಮೀಟರ್ ದಾಟಿತು. ಕೆಲವೇ ಕಿಲೋಮೀಟರ್ ಉತ್ತರಕ್ಕೆ ಬಿದ್ದದ್ದು ಬೆರಳಳತೆಯಷ್ಟು.

ಇದಕ್ಕೆಲ್ಲ ಚಳಿಯೇ ಕಾರಣ ಎಂದುಬಿಟ್ಟರೆ ಅರ್ಧ ಉತ್ತರ ಮಾತ್ರ ಸಿಕ್ಕಂತೆ. ಉತ್ತರ ಧ್ರುವದ ಕಡೆಯಿಂದ ಇಳಿದು ಬರುವ ಗಾಳಿ ಬಲು ಒಣಗಾಳಿ. ಅಷ್ಟೊಂದು ಹಿಮ ಸುರಿಸುವ ನೀರು ಅದರಲ್ಲಿ ಇರುವುದೇ ಇಲ್ಲ. ನೀರನ್ನು ಒದಗಿಸುವುದು ಈರಿ ಸರೋವರ. ಬಫಲೋ ಇರುವುದು ಅದರ ಪೂರ್ವದ ತುದಿಯಲ್ಲಿ. ನೆಲ ಬೇಗ ತಣ್ಣಗಾಗುತ್ತದೆ, ನೀರು ತಡವಾಗಿ. ಹಾಗಾಗಿ ನವೆಂಬರಿನಲ್ಲಿ ದಡದ ಮೇಲೆ ಚಳಿ ಕೊರೆಯುತ್ತಿದ್ದರೂ ಸರೋವರದಲ್ಲಿ ಬೇಸಗೆಯ ಶಾಖ ಇನ್ನೂ ಉಳಿದಿರುತ್ತದೆ. ನೀರಿನ ಮೇಲ್ಮೈಗಿಂತ ಅದರ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ 13 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ತಣ್ಣಗಿದ್ದರೆ ಹವಾಮಾನ ತಜ್ಞರು ಎಚ್ಚರಗೊಳ್ಳುತ್ತಾರೆ. ಕೆಳಗಿನ ಗಾಳಿ ಬೆಚ್ಚಗಾಗಿ, ತೇವ ಹೀರಿ ಮೇಲೇರುತ್ತದೆ. ಮೇಲೆ ಹೋದ ಆವಿ ಮೋಡವಾಗುವಾಗ ತನ್ನ ಗುಪ್ತೋಷ್ಣವನ್ನು, ಅಂದರೆ ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖವನ್ನು, ಬಿಟ್ಟುಕೊಡುತ್ತದೆ. ಆ ಶಾಖದ ಬಲದಿಂದ ಗಾಳಿ ಮತ್ತಷ್ಟು ಮೇಲಕ್ಕೆ ನುಗ್ಗುತ್ತದೆ. ಮೋಡದೊಳಗೆ ಉಷ್ಣತೆ ಮೈನಸ್ 15 ಡಿಗ್ರಿಯ ಆಸುಪಾಸಿಗೆ ಇಳಿದಲ್ಲಿ ಆರು ತೋಳುಗಳ, ಕವಲೊಡೆದ ಹರಳುಗಳು ಭರದಿಂದ ಬೆಳೆಯುತ್ತವೆ. ತೋಳುಗಳ ನಡುವೆ ಗಾಳಿ ತುಂಬಿಕೊಳ್ಳುವುದರಿಂದ ಸ್ವಲ್ಪವೇ ನೀರು ಎತ್ತರದ ಹಿಮರಾಶಿಯಾಗುತ್ತದೆ.

ಇನ್ನು ಆ ಗೋಡೆಯ ಕಥೆ. ಈರಿ ಸರೋವರ ಪಶ್ಚಿಮ-ನೈಋತ್ಯದಿಂದ ಪೂರ್ವ-ಈಶಾನ್ಯಕ್ಕೆ ಸುಮಾರು 388 ಕಿಲೋಮೀಟರ್ ಚಾಚಿಕೊಂಡಿದೆ. ಗಾಳಿ ಅಡ್ಡಡ್ಡ ಬೀಸಿದರೆ ನೀರಿನ ಮೇಲೆ ಅದು ಸಾಗುವ ದಾರಿ ಚಿಕ್ಕದು, ಹಿಮವೂ ಅಲ್ಪ. ಉದ್ದಕ್ಕೂ ಬೀಸಿದರೆ ದಾರಿಯುದ್ದಕ್ಕೂ ತೇವ ಹೀರುತ್ತದೆ. ಆಗ ಎರಡೂ ದಡಗಳ ತಣ್ಣನೆಯ ಗಾಳಿ ಬೆಚ್ಚಗಿನ ನೀರಿನತ್ತ ಹರಿದು ನಡುವೆ ಒಂದನ್ನೊಂದು ಒತ್ತುತ್ತದೆ, ಮೋಡವೆಲ್ಲ ಒಂದೇ ಕಿರಿದಾದ ಪಟ್ಟಿಯಾಗಿ ಸೇರುತ್ತದೆ. ಗಾಳಿಯ ದಿಕ್ಕು ಕೆಲವೇ ಡಿಗ್ರಿ ವಾಲಿದರೂ ಆ ಪಟ್ಟಿ ಹಲವು ಕಿಲೋಮೀಟರ್ ಸರಿಯುತ್ತದೆ. ಸಾಮಾನ್ಯವಾಗಿ ಹೀಗೆ ಸರಿಯುತ್ತಲೇ ಇರುವುದರಿಂದ ಹಿಮ ಹಂಚಿಹೋಗುತ್ತದೆ. ಆ ಮಂಗಳವಾರ ಗಾಳಿ ದಿಕ್ಕು ಬದಲಿಸದೆ ಹಟ ಹಿಡಿದಂತೆ ಬೀಸಿತು. ನನ್ನ ಮಟ್ಟಿಗೆ ಇಡೀ ಘಟನೆಯಲ್ಲಿ ಅತ್ಯಂತ ಸೋಜಿಗದ ಸಂಗತಿ ಇದೇ: ಊರು ಹೂತುಹೋಗಲು ಚಂಡಮಾರುತವೇನೂ ಬೇಕಾಗಲಿಲ್ಲ, ಗಾಳಿ ಒಂದೇ ದಿಕ್ಕಿಗೆ ನಿಂತದ್ದೇ ಸಾಕಾಯಿತು.

ಹೆದ್ದಾರಿ 200 ಕಿಲೋಮೀಟರಿಗೂ ಹೆಚ್ಚು ದೂರ ಮುಚ್ಚಿತು. ನಯಾಗರ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಪಂದ್ಯ ಮುಗಿಸಿ ಮರಳುವಾಗ ಒಂದು ಹಗಲು, ಒಂದು ರಾತ್ರಿಗೂ ಹೆಚ್ಚು ಕಾಲ ಬಸ್ಸಿನಲ್ಲೇ ಕಳೆಯಬೇಕಾಯಿತು. ಆ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರು ಹಿಮ ತೆಗೆಯುವಾಗ ಹೃದಯಾಘಾತಕ್ಕೆ ತುತ್ತಾದವರು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ. ಅದೇ ಹೊತ್ತಿಗೆ ಸಲಿಕೆ ಎತ್ತುವ ತೋಳುಗಳು ಹೃದಯದಿಂದ ಹೆಚ್ಚು ರಕ್ತ ಬೇಡುತ್ತವೆ. ಹಿಮ ಹಗುರ ಎಂಬ ನಮ್ಮ ಕಲ್ಪನೆಯೂ ಪೂರ್ತಿ ನಿಜವಲ್ಲ. ಒಂದು ಮೀಟರ್ ಆಳದ ಹಿಮದಲ್ಲಿ ಹತ್ತರಲ್ಲೊಂದು ಪಾಲು ನೀರಿದೆ ಎಂದುಕೊಂಡರೂ ಚದರ ಮೀಟರಿಗೆ 100 ಕಿಲೋ ಆಯಿತು. ನೂರು ಚದರ ಮೀಟರಿನ ಚಾವಣಿಯ ಮೇಲೆ ಹತ್ತು ಟನ್. ಆ ವಾರ ಕುಸಿದ ಚಾವಣಿಗಳಿಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ವಾರದ ಕೊನೆಗೆ ಮಳೆ ಬರುತ್ತದೆಂಬ ಮುನ್ಸೂಚನೆ ಬಂದಾಗ ಜನ ಇನ್ನಷ್ಟು ಹೆದರಿದರು. ಬಿಡಿಹಿಮ ಮಳೆನೀರನ್ನು ತಕ್ಷಣ ಬಿಟ್ಟುಕೊಡದೆ ತನ್ನೊಳಗೆ ಹಿಡಿದಿಟ್ಟುಕೊಂಡು ಭಾರವಾಗುತ್ತದೆ. 24ರ ಸೋಮವಾರ ಉಷ್ಣತೆ 15 ಡಿಗ್ರಿ ದಾಟಿತು, ಬಿರುಗಾಳಿಯೂ ಬೀಸಿತು. ಹೊಳೆಗಳು ಉಕ್ಕಿದರೂ ಊಹಿಸಿದಷ್ಟು ಹಾನಿಯಾಗಲಿಲ್ಲ. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ತನ್ನ ತವರಿನ ಪಂದ್ಯವನ್ನು ಅಂದು ಡೆಟ್ರಾಯಿಟ್‌ನಲ್ಲಿ ಆಡಿತು.

ಸರೋವರ ಹೆಪ್ಪುಗಟ್ಟಿದರೆ ಈ ಬಗೆಯ ಹಿಮಪಾತ ಬಹುಮಟ್ಟಿಗೆ ನಿಲ್ಲುತ್ತದೆ. ಈರಿ ಆಳವಿಲ್ಲದ್ದು, ಸರಾಸರಿ 19 ಮೀಟರ್, ಆದ್ದರಿಂದ ಅಲ್ಲಿನ ಮಹಾಸರೋವರಗಳ ಪೈಕಿ ಬೇಗ ಹೆಪ್ಪುಗಟ್ಟುವುದು ಅದೇ. ಹಾಗೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. 1976ರ ಡಿಸೆಂಬರ್ ಮಧ್ಯದ ವೇಳೆಗೇ ಈರಿ ಗಟ್ಟಿಯಾಗಿತ್ತು. ಆ ಮಂಜುಗಡ್ಡೆಯ ಮೇಲೆ ವಾರಗಟ್ಟಲೆ ಬಿಡಿಹಿಮ ಕೂಡಿತು. 1977ರ ಜನವರಿ 28ರಂದು ಎದ್ದ ಬಿರುಗಾಳಿ ಅದನ್ನೆಲ್ಲ ಹೊತ್ತು ತಂದು ಬಫಲೋ ಮೇಲೆ ಸುರಿಯಿತು.

ಇಂಥ ಹಿಮಪಾತವನ್ನು ತೋರಿಸಿ ‘ಎಲ್ಲಿದೆ ಭೂಮಿಯ ತಾಪ?’ ಎಂದು ಕೇಳುವವರು ಪ್ರತಿ ಚಳಿಗಾಲವೂ ಸಿಗುತ್ತಾರೆ. ಅವರು ಸರೋವರವನ್ನು ಮರೆತಿರುತ್ತಾರೆ. ನೀರು ಬೆಚ್ಚಗಾದಷ್ಟೂ ಆವಿ ಹೆಚ್ಚು. ಹೆಪ್ಪುಗಟ್ಟುವುದು ತಡವಾದಷ್ಟೂ ಹಿಮದ ಪಟ್ಟಿಗಳು ಏಳುವ ದಿನಗಳೂ ಹೆಚ್ಚು. ಧ್ರುವದ ಗಾಳಿಯಲ್ಲಿ ಸಾಕಷ್ಟು ಚಳಿ ಉಳಿದಿರುವವರೆಗೆ ಆ ತೇವ ಹಿಮವಾಗಿಯೇ ಬೀಳುತ್ತದೆ. ಚಳಿ ಸಾಲದಾದಾಗ ಅದೇ ನೀರು ಬಫಲೋ ಮೇಲೆ ಮಳೆಯಾಗಿ ಸುರಿಯುತ್ತದೆ.