ಬಸ್ಸಿಗೋ ಸ್ಕೂಟರಿಗೋ? ಕ್ಲಾಸಿನಲ್ಲಿ ಬಟನ್ ಒತ್ತುವ ಕಥೆ

"ಅರ್ಥ ಆಯ್ತಾ?" ಅಂತ ಕೇಳಿದರೆ ನೂರು ಜನರ ಕ್ಲಾಸು ಒಂದೇ ಸ್ವರದಲ್ಲಿ "ಆಯ್ತು ಸರ್" ಅನ್ನುತ್ತದೆ. ನಿಜಕ್ಕೂ ಆಗಿದೆಯೋ ಇಲ್ಲವೋ ಗೊತ್ತಾಗುವುದು ಇಂಟರ್ನಲ್ಸ್ ಪೇಪರ್ ತಿದ್ದುವಾಗಲೇ.

ಕಳೆದ ಮಳೆಗಾಲ ಮಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಫಿಸಿಕ್ಸ್ ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಕೂತಿದ್ದೆ. ಪರದೆ ಮೇಲೆ ಪ್ರಶ್ನೆ: ಸ್ಟೇಟ್‌ಬ್ಯಾಂಕ್ ಕಡೆ ಹೋಗುವ ಸಿಟಿ ಬಸ್ಸು ಸ್ಕೂಟರಿಗೆ ಗುದ್ದಿತು, ಬಲ ಯಾವುದರ ಮೇಲೆ ಜಾಸ್ತಿ? ಮಕ್ಕಳು ಮೊಬೈಲಿನಲ್ಲಿ ಉತ್ತರ ಒತ್ತಿದರು. ಪರದೆಯ ಗ್ರಾಫಿನಲ್ಲಿ ಸ್ಕೂಟರಿನ ಕಂಬ ಸರ್ರನೆ ಮೇಲೇರಿತು. ಸರ್ ಉತ್ತರ ಹೇಳಲಿಲ್ಲ. "ಪಕ್ಕದವರ ಹತ್ರ ಚರ್ಚೆ ಮಾಡಿ" ಅಂದರು ಅಷ್ಟೇ. ನನ್ನ ಮುಂದಿನ ಬೆಂಚಿನಲ್ಲಿ ಶುರುವಾಯಿತು. "ಸ್ಕೂಟರ್ ಪುಡಿ ಆಗ್ತದಲ್ಲ ಮಾರಾಯ್ತಿ?" "ಪುಡಿ ಆಗೋದು ಬೇರೆ ಮಾರಾಯ, ಬಲ ಬೇರೆ!" ಎರಡನೇ ಸಲ ಒತ್ತಿದಾಗ 'ಎರಡಕ್ಕೂ ಸಮ' ಅನ್ನುವ ಕಂಬ ಎದ್ದು ನಿಂತಿತು. ನ್ಯೂಟನ್‌ನ ಮೂರನೇ ನಿಯಮ.

ಇದು ಹೊಸ ಆಟವೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1968ರಲ್ಲೇ ಕ್ಲಾಸಿನಲ್ಲಿ ಬಟನ್ ಒತ್ತಿ ಉತ್ತರಿಸುವ ವ್ಯವಸ್ಥೆ ಬಂದಿತ್ತು. ಮಕ್ಕಳಿಗೆ ಖುಷಿಯಾಯಿತು, ಮಾರ್ಕ್ಸು ಮಾತ್ರ ಇದ್ದಲ್ಲೇ ಇತ್ತು. ಆ ಕಾಲದ ಮತ್ತು ಆಮೇಲಿನ ಅಧ್ಯಯನಗಳನ್ನು 2002ರಲ್ಲಿ ಇಬ್ಬರು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದಾಗ ಕಾರಣ ಹೊಳೆಯಿತು. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡ ಕಡೆ ಮಾತ್ರ ಕಲಿಕೆ ಮೇಲೇರಿತ್ತು.

ಆ ಮಾತಾಟಕ್ಕೆ ಒಂದು ಕ್ರಮ ಕೊಟ್ಟವರು ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್. ಒಮ್ಮೆ ಅವರು ಬಲದ ಬಗ್ಗೆ ಸುಲಭದ ಪರೀಕ್ಷೆ ಇಟ್ಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ನೀವು ಕಲಿಸಿದ ಹಾಗೆ ಬರೆಯಬೇಕಾ, ನಾನು ಯೋಚಿಸುವ ಹಾಗೆ ಬರೆಯಬೇಕಾ? ಪಾಠ ಮಾಡುವವರ ಎದೆ ಧಸಕ್ಕನ್ನುವ ಪ್ರಶ್ನೆ, ಅಲ್ವಾ? 1991ರಿಂದ ಅವರು ಪಾಠದ ನಡುವೆ ಪ್ರಶ್ನೆ ಕೇಳತೊಡಗಿದರು. ಸರಿ ಉತ್ತರ ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ ಚರ್ಚೆ, ಆಮೇಲೆ ಮತ್ತೊಮ್ಮೆ ಮತ. ತೀರಾ ಕಡಿಮೆಯಿದ್ದರೆ ಮತ್ತೆ ಪಾಠ.

ಯಂತ್ರಗಳು ಬದಲಾಗುತ್ತಲೇ ಹೋದವು. ವೈರಿನ ಬಟನ್ ಹೋಗಿ, ಟಿವಿ ರಿಮೋಟಿನಂತೆ ಗುರಿ ಹಿಡಿದು ಉತ್ತರ ಒತ್ತುವ ಕ್ಲಿಕ್ಕರ್ ಎಂಬ ಕೈಯಂತ್ರ ಬಂತು, ಆಮೇಲೆ ರೇಡಿಯೋ ಕ್ಲಿಕ್ಕರ್. ನಮ್ಮಲ್ಲಿ ಹೆಚ್ಚಿನವರು ಇಂಥದ್ದನ್ನು ಮೊದಲು ಕಂಡದ್ದು 2000ದಲ್ಲಿ, 'ಕೌನ್ ಬನೇಗಾ ಕರೋಡ್‌ಪತಿ'ಯ ಆಡಿಯನ್ಸ್ ಪೋಲ್‌ನಲ್ಲಿ. 2013ರಲ್ಲಿ ನಾರ್ವೆಯ ಕಹೂಟ್ ಎಂಬ, ಮೊಬೈಲಿನಲ್ಲೇ ಆಡುವ ಕ್ವಿಜ್ ಬಂದ ಮೇಲೆ ಪ್ರತ್ಯೇಕ ಯಂತ್ರವೇ ಬೇಡವಾಯಿತು. ಗೇಟಿನಲ್ಲಿ ಕಿತ್ತುಕೊಳ್ಳುತ್ತಿದ್ದ ಮೊಬೈಲನ್ನೇ "ತೆಗೀರಿ" ಅನ್ನಬೇಕಾಯಿತು! ಮೊಬೈಲ್ ಬಿಡದ ಕಡೆ ಪ್ಲಿಕರ್ಸ್ ಇದೆ. ಮಕ್ಕಳು ರಟ್ಟಿನ ಕಾರ್ಡ್ ತಿರುಗಿಸಿ ಹಿಡಿದರೆ ಟೀಚರ ಒಂದೇ ಫೋನ್ ಎಲ್ಲವನ್ನೂ ಓದಿಕೊಳ್ಳುತ್ತದೆ.

ಆ ದಿನ ಮೂರನೇ ಪ್ರಶ್ನೆಗೆ ಕರೆಂಟ್ ಹೋಯಿತು, ವೈಫೈಯೂ ಹೋಯಿತು. "ಎದೆ ಹತ್ರ ಬೆರಳು ತೋರಿಸಿ, ಒಂದು, ಎರಡು, ಮೂರು" ಅಂದರು ಸರ್. ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ಎಲ್ಲರ ಕಣ್ಣೂ ಮುಂದಿನ ಬೆಂಚಿನ ರ‍್ಯಾಂಕ್ ಹುಡುಗನ ಕೈ ಮೇಲಿತ್ತು. ಅವನು ಎರಡು ಬೆರಳು ಎತ್ತಿದ. ಇಡೀ ಕ್ಲಾಸೂ ಎರಡು ಎತ್ತಿತು.