‘ಕಿಲ್ಲರ್ ಆಫ್ ಶೀಪ್’: ಆ ಎಂಜಿನ್ ಏಕೆ ಬಿತ್ತು?

‘ಕಿಲ್ಲರ್ ಆಫ್ ಶೀಪ್’ (ಕುರಿ ಕೊಲ್ಲುವವನು) ಎಂಬ ಅಮೆರಿಕದ ಚಿತ್ರವನ್ನು ಮೊದಲ ಸಲ ನೋಡಿ ಮುಗಿಸಿದಾಗ ನನ್ನ ನೋಟ್ ಪುಸ್ತಕದಲ್ಲಿ ಇದ್ದದ್ದು ಮೂರೇ ಸಾಲು. ಕಸಾಯಿಖಾನೆಯ ಕೆಲಸಗಾರ. ರಾತ್ರಿ ನಿದ್ದೆ ಬಾರದು. ಕಥೆ ಎಲ್ಲಿದೆ? ಎರಡನೆಯ ಸಲ ನೋಡಿದ ಮೇಲೆ ಮೂರನೆಯ ಸಾಲನ್ನು ಹೊಡೆದುಹಾಕಿದೆ. ಏಕೆಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಚಲನಚಿತ್ರ ರಸಗ್ರಹಣ ಕಲಿಯುತ್ತಿರುವ ಬೇರೆಯವರೂ ಇಲ್ಲಿಯೇ ಎಡವಿರಬಹುದು.

ಹಿನ್ನೆಲೆ ಚಿಕ್ಕದಾಗಿ ಸಾಕು. ನಿರ್ದೇಶಕ ಚಾರ್ಲ್ಸ್ ಬರ್ನೆಟ್ 1944ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ಬೆಳೆದವರು. 1965ರ ಆಗಸ್ಟ್‌ನಲ್ಲಿ ದಂಗೆಯೆದ್ದು ಆರು ದಿನ ಹೊತ್ತಿ ಉರಿದು 34 ಜನರು ಸತ್ತದ್ದು ಇದೇ ವಾಟ್ಸ್‌ನಲ್ಲಿ. ಚಿತ್ರದಲ್ಲಿ ಆ ದಂಗೆಯ ದೃಶ್ಯ ಒಂದೂ ಇಲ್ಲ. ಅದಾಗಿ ಕೆಲವು ವರ್ಷಗಳ ನಂತರದ ಖಾಲಿ ನಿವೇಶನಗಳು, ಇಟ್ಟಿಗೆ ಚೂರುಗಳು, ಅವುಗಳ ನಡುವೆ ಕಲ್ಲು ತೂರಿ ಆಡುವ ಮಕ್ಕಳು ಇದ್ದಾರೆ. ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಬರ್ನೆಟ್ ಇದನ್ನು ತಮ್ಮ ಸ್ನಾತಕೋತ್ತರ ಪದವಿಗಾಗಿ ಮಾಡಿದರು. ಬರವಣಿಗೆ, ಛಾಯಾಗ್ರಹಣ, ಸಂಕಲನ ಎಲ್ಲವೂ ಅವರದೇ. ಚಿತ್ರೀಕರಣ ಹೆಚ್ಚಾಗಿ ವಾರಾಂತ್ಯಗಳಲ್ಲಿ ನಡೆಯಿತು. 16 ಎಂಎಂ ಕಪ್ಪು-ಬಿಳುಪು ಫಿಲ್ಮ್, 10,000 ಡಾಲರ್‌ಗಿಂತ ಕಡಿಮೆ ವೆಚ್ಚ, ಸುಮಾರು 80 ನಿಮಿಷದ ಚಿತ್ರ.

ಕಥಾನಾಯಕ ಸ್ಟ್ಯಾನ್ ಪಾತ್ರದಲ್ಲಿ ಹೆನ್ರಿ ಗೇಲ್ ಸ್ಯಾಂಡರ್ಸ್, ಅವನ ಹೆಂಡತಿಯಾಗಿ ಕೇಸಿ ಮೂರ್ ನಟಿಸಿದ್ದಾರೆ. ಹೆಂಡತಿಗೆ ಚಿತ್ರದಲ್ಲಿ ಹೆಸರೇ ಇಲ್ಲ.

ಇನ್ನು ನಾನು ಸಿಕ್ಕಿಬಿದ್ದ ಜಾಗ. ಸ್ಟ್ಯಾನ್ ಮತ್ತು ಅವನ ಗೆಳೆಯ ಸಂಬಳದ ಹಣದಲ್ಲಿ ಕಾರಿಗಾಗಿ ಒಂದು ಹಳೆಯ ಎಂಜಿನ್ ಕೊಳ್ಳುತ್ತಾರೆ. ಅದನ್ನು ಇಬ್ಬರೇ ಹೊತ್ತು ಮೆಟ್ಟಿಲಿಳಿಸುವುದನ್ನು ಬರ್ನೆಟ್ ಅವಸರವಿಲ್ಲದೆ ತೋರಿಸುತ್ತಾರೆ. ಅವರು ಏದುಸಿರು ಬಿಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಎತ್ತುತ್ತಾರೆ. ಇಳಿಜಾರಿನಲ್ಲಿ ನಿಂತ ಪಿಕಪ್ ಟ್ರಕ್ಕಿನ ಹಿಂಬದಿಯ ಅಂಚಿಗೆ ಅದನ್ನು ತಂದಿಡುವಷ್ಟರಲ್ಲಿ ಒಬ್ಬನ ಬೆರಳಿಗೆ ಪೆಟ್ಟಾಗುತ್ತದೆ. ಇನ್ನೊಂದಿಷ್ಟು ಒಳಕ್ಕೆ ತಳ್ಳಬೇಕು. ಇಷ್ಟು ಸಾಕು, ಬೀಳುವುದಿಲ್ಲ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಗಾಡಿ ಮುಂದಕ್ಕೆ ಜಗ್ಗಿದ ಕೂಡಲೇ ಎಂಜಿನ್ ರಸ್ತೆಗೆ ಉರುಳಿ ಒಡೆಯುತ್ತದೆ. ಇಳಿದು ನೋಡುತ್ತಾರೆ, ಅಲ್ಲಿಯೇ ಬಿಟ್ಟು ಹೊರಡುತ್ತಾರೆ. ಟ್ರಕ್ಕಿನ ಹಿಂಬದಿಯಲ್ಲಿ ಕ್ಯಾಮೆರಾ ಇದೆ. ರಸ್ತೆಯಲ್ಲಿ ಬಿದ್ದ ಎಂಜಿನ್ ನಮ್ಮಿಂದ ದೂರವಾಗುತ್ತಾ ಸಣ್ಣದಾಗುತ್ತದೆ.

ಮೊದಲ ನೋಟದಲ್ಲಿ ನನಗೆ ಸಿಟ್ಟು ಬಂದಿತ್ತು. ಒಂದು ಗೇಣು ಒಳಕ್ಕೆ ತಳ್ಳಿದ್ದರೆ ಮುಗಿಯುತ್ತಿತ್ತಲ್ಲ! ನೋಟ್ ಪುಸ್ತಕದ ಅಂಚಿನಲ್ಲಿ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂದು ಬರೆದುಕೊಂಡೆ. ಅದರ ಕೆಳಗೆ ‘ಹಣೆಬರಹ’ ಎಂದೂ ಬರೆದೆ. ನನ್ನ ತಪ್ಪು ಇಲ್ಲಿಯೇ ಆಯಿತು. ಗಾದೆ ಬಾಯಿಗೆ ಬಂದ ಕೂಡಲೇ ನೋಡುವುದು ನಿಂತುಹೋಯಿತು. ತುತ್ತು ಬಾಯಿಗೆ ಬರಲಿಲ್ಲ ಎಂದಾಗ ತುತ್ತು ತಾನಾಗಿ ಜಾರಿದಂತೆ, ತಪ್ಪಿಸಿದ್ದು ಯಾವುದೋ ಕಾಣದ ಶಕ್ತಿ ಎಂಬಂತೆ ಕೇಳಿಸುತ್ತದೆ. ಆದರೆ ಬರ್ನೆಟ್ ತಪ್ಪಿದ ಕ್ಷಣವನ್ನು ಕಣ್ಣೆದುರಿಗೇ ಇಟ್ಟಿದ್ದಾರೆ. ಬೆರಳು ನೋಯುತ್ತಿದೆ, ತೋಳು ಸೋತಿದೆ, ಮೆಟ್ಟಿಲಿನಲ್ಲೇ ಕಸುವು ಮುಗಿದಿದೆ. ಆ ಒಂದು ಗೇಣು ದೂರಕ್ಕೆ ಬೇಕಾದ ಬಲ ಅವರ ಮೈಯಲ್ಲಿ ಉಳಿದಿಲ್ಲ. ಇಬ್ಬರ ಬದಲು ಮೂವರಿದ್ದಿದ್ದರೆ, ಕಟ್ಟಲು ಒಂದು ಹಗ್ಗವಿದ್ದಿದ್ದರೆ, ಹೊತ್ತು ತಂದುಕೊಡಲು ಬೇರೆಯವರಿಗೆ ಕೂಲಿ ಕೊಡುವಷ್ಟು ಹಣವಿದ್ದಿದ್ದರೆ ಎಂಜಿನ್ ಮನೆ ಸೇರುತ್ತಿತ್ತು.

ನನ್ನ ನಾಲ್ಕನೆಯ ಸಾಲು ಆಗ ಹುಟ್ಟಿತು: ಈ ಚಿತ್ರದಲ್ಲಿ ಬಡತನ ಎಂದರೆ ದಣಿವು. ‘ಹಣೆಬರಹ’ವನ್ನು ಹೊಡೆದುಹಾಕಿದೆ.

ಈ ಸಾಲನ್ನು ಹಿಡಿದು ಉಳಿದ ದೃಶ್ಯಗಳನ್ನು ನೋಡಿ. ಗೆಳೆಯರೆಲ್ಲ ಕುಟುಂಬ ಸಮೇತ ಕಾರಿನಲ್ಲಿ ಕುದುರೆ ರೇಸಿಗೆ ಹೊರಡುತ್ತಾರೆ. ದಾರಿಯಲ್ಲಿ ಟೈರು ಪಂಕ್ಚರ್ ಆಗುತ್ತದೆ, ಸ್ಟೆಪ್ನಿ ಇಲ್ಲ, ಹಿಂದಿರುಗುತ್ತಾರೆ. ಇದು ಎಂಜಿನ್ ದೃಶ್ಯದ ತಮ್ಮನೇ. ಮತ್ತೊಂದು, ಎಲ್ಲರೂ ಮೆಚ್ಚುವ ನೃತ್ಯದ ದೃಶ್ಯ. ಡೈನಾ ವಾಷಿಂಗ್ಟನ್ ಅವರ ‘ದಿಸ್ ಬಿಟರ್ ಅರ್ಥ್’ ಹಾಡಿಗೆ ಗಂಡ ಹೆಂಡತಿ ಕಿಟಕಿಯ ಮುಂದೆ ನಿಧಾನವಾಗಿ ತೂಗುತ್ತಾರೆ. ಕ್ಯಾಮೆರಾ ಅಲುಗುವುದಿಲ್ಲ. ಅವಳು ಅವನನ್ನು ಬಯಸುತ್ತಿದ್ದಾಳೆ, ಹಾಡು ಮುಗಿಯುತ್ತಲೇ ಅವನು ಕೈ ಬಿಡಿಸಿಕೊಂಡು ಹೊರಟುಹೋಗುತ್ತಾನೆ. ಅವನಿಗೆ ಅವಳ ಮೇಲೆ ಪ್ರೀತಿ ಇಲ್ಲ ಎಂದು ನಾನು ಮೊದಲು ಬರೆದುಕೊಂಡಿದ್ದೆ. ಆದರೆ ಇದೇ ಸ್ಟ್ಯಾನ್ ಬೇರೊಂದು ದೃಶ್ಯದಲ್ಲಿ ಬಿಸಿ ಲೋಟವನ್ನು ಕೆನ್ನೆಗೆ ಒತ್ತಿಕೊಂಡು, ಆ ಶಾಖ ಪ್ರೇಮದ ಹೊತ್ತಿನ ಹೆಣ್ಣಿನ ಹಣೆಯನ್ನು ನೆನಪಿಸುತ್ತದೆ ಎನ್ನುತ್ತಾನೆ. ಎದುರು ಕುಳಿತ ಗೆಳೆಯನಿಗೆ ಅದು ನಗೆಯ ಮಾತು. ಸ್ಟ್ಯಾನ್‌ನೊಳಗೆ ಬಯಕೆ ಸತ್ತಿಲ್ಲ, ಮೆಟ್ಟಿಲಿಳಿಸುವಷ್ಟರಲ್ಲಿ ಕಸುವು ಮುಗಿದಂತೆ ಇಲ್ಲಿಯೂ ಮುಗಿದಿದೆ, ಅಷ್ಟೆ.

ಅದೇ ಲೋಟದ ಮಾತುಕತೆಗೆ ಹತ್ತಿರದ ಇನ್ನೊಂದು ಮಾತನ್ನು ಪರೀಕ್ಷೆಗೆ ಓದುವವರು ಬಿಡಬಾರದು. ಬಡವನೆಂದು ಕರೆದಾಗ ಸ್ಟ್ಯಾನ್ ಕೆರಳುತ್ತಾನೆ. ನಾನು ಸಾಲ್ವೇಷನ್ ಆರ್ಮಿಗೆ (ಬಡವರಿಗೆ ನೆರವಾಗುವ ಕ್ರೈಸ್ತ ಸಂಸ್ಥೆ) ಸಾಮಾನು ದಾನ ಕೊಡುವವನು, ಬಡವನಾದರೆ ಕೊಡಲಾಗುತ್ತಿತ್ತೇ ಎಂಬುದು ಅವನ ವಾದ. ನಿಜವಾದ ಬಡವರೆಂದರೆ ಖಾಲಿ ಜಾಗದ ಸೊಪ್ಪು ಕಿತ್ತು ತಿನ್ನುವವರು ಎಂದು ಬೇರೊಬ್ಬನನ್ನು ತೋರಿಸುತ್ತಾನೆ. ಅಂಚಿನಲ್ಲಿ ನಿಂತವನಿಗೂ ತನಗಿಂತ ಅಂಚಿನಲ್ಲಿರುವ ಒಬ್ಬ ಬೇಕು. ಈ ಮಾತು ಕೇಳುವಾಗ ನನಗೆ ಗಂಟಲು ಕಟ್ಟಿತು. ಕೈಯಲ್ಲಿ ಇಲ್ಲದಿದ್ದರೂ ಮದುವೆಗೆ ಮುಯ್ಯಿ ಮಾಡದೆ ಬರಬಾರದು ಎನ್ನುತ್ತಿದ್ದ ನಮ್ಮ ಅಜ್ಜಿಯ ದನಿ ಅದರಲ್ಲಿತ್ತು.

ಕುರಿಗಳ ಬಗ್ಗೆ: ‘ಕುರಿ ಎಂದರೆ ಬಡಜನ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ. ಚಿತ್ರದ ಹೆಸರಿನಲ್ಲಿ ಕುರಿ ಮಾತ್ರವಲ್ಲ, ಕೊಲ್ಲುವವನೂ ಇದ್ದಾನೆ. ಸ್ಟ್ಯಾನ್ ಕೊಲ್ಲುವವನು. ಅವನ ದಣಿವಿನ ಪಾಲು ಮನೆಯವರಿಗೂ ಹೋಗುತ್ತದೆ, ಮಗನ ಮೇಲೆ ರೇಗುವಾಗ ಅದು ಕಾಣುತ್ತದೆ.

ಚಿತ್ರ ತಡವಾಗಿ ಜನರಿಗೆ ಸಿಕ್ಕಿದ್ದು ಹಾಡುಗಳಿಂದ. ಹಕ್ಕು ಪಡೆಯದೆ ಬಳಸಿದ್ದರಿಂದ ಚಿತ್ರಮಂದಿರದ ಬಿಡುಗಡೆ ಸಾಧ್ಯವಿರಲಿಲ್ಲ. 1981ರಲ್ಲಿ ಬರ್ಲಿನ್ ಚಲನಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು, 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು, ಆದರೂ ಬಿಡುಗಡೆಯಾದದ್ದು 35 ಎಂಎಂಗೆ ಪುನರುಜ್ಜೀವನಗೊಂಡ ಮೇಲೆ, 2007ರಲ್ಲಿ. ಹಾಡುಗಳ ಹಕ್ಕಿಗೆ ತೆತ್ತದ್ದು ಸುಮಾರು 1,50,000 ಡಾಲರ್, ಚಿತ್ರ ತೆಗೆಯಲು ಖರ್ಚಾದ ಹಣದ ಹದಿನೈದು ಪಟ್ಟಿಗೂ ಹೆಚ್ಚು! ಹಾಡಿಲ್ಲದೆ ಬಿಡುಗಡೆ ಮಾಡಬಹುದಿತ್ತಲ್ಲ ಎನ್ನುವವರು, ಇಟ್ಟಿಗೆ ಚೂರುಗಳ ನಡುವೆ ಮಕ್ಕಳು ಆಡುವಾಗ ಕೇಳುವ ಗಾಯಕ ಪಾಲ್ ರೋಬ್ಸನ್ ದನಿಯನ್ನು ಮುಚ್ಚಿ ನೋಡಲಿ. ‘ನನಗೆ ಅಮೆರಿಕ ಎಂದರೇನು’ ಎಂದು ಆ ಹಾಡು ಕೇಳುತ್ತಿದೆ, ಉತ್ತರವಾಗಿ ಧೂಳು ಮೆತ್ತಿದ ಮಕ್ಕಳ ಮುಖಗಳಿವೆ.

ಕೊನೆಯದಾಗಿ, ನಾನು ಎರಡೂ ಸಲ ನಿಲ್ಲಿಸಿ ಹಿಂದಕ್ಕೆ ಹೋಗಿ ನೋಡಿದ ಒಂದು ಚಿಕ್ಕ ಮಾತು. ಕೊನೆಯ ಭಾಗದಲ್ಲಿ ಮಗಳು ಮಳೆ ಏಕೆ ಬರುತ್ತದೆ ಎಂದು ಅಪ್ಪನನ್ನು ಕೇಳುತ್ತಾಳೆ. ಸೈತಾನ ತನ್ನ ಹೆಂಡತಿಯನ್ನು ಹೊಡೆಯುತ್ತಿದ್ದಾನೆ ಎನ್ನುತ್ತಾನೆ ಸ್ಟ್ಯಾನ್. ಅದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಸಿಲು ಮಳೆ ಒಟ್ಟಿಗೆ ಬಂದಾಗ ಆಡುವ ಮಾತು. ನಾವು ಕಾಗೆಗೂ ನರಿಗೂ ಮದುವೆ ಎನ್ನುವುದಿಲ್ಲವೇ, ಹಾಗೆ. ವಾಟ್ಸ್‌ನ ಬಹಳಷ್ಟು ಕುಟುಂಬಗಳು ಬರ್ನೆಟ್ ಅವರ ಮನೆಯವರಂತೆಯೇ ದಕ್ಷಿಣದಿಂದ ಬಂದವು. ಬಿಟ್ಟು ಬಂದ ಊರಿನ ಮಳೆ ಇಲ್ಲಿ ಒಂದು ವಾಕ್ಯವಾಗಿ ಉಳಿದಿದೆ. ಅದನ್ನು ಹೇಳುವಾಗ ಸ್ಟ್ಯಾನ್‌ನ ಮುಖದಲ್ಲಿ ಒಂದು ನಗು ಬರುತ್ತದೆ, ಹೆಂಡತಿ ಪಕ್ಕದಲ್ಲೇ ಇದ್ದಾಳೆ. ಚಿತ್ರ ಮುಗಿಯುವಾಗ ಅವನು ಮತ್ತೆ ಕೆಲಸದಲ್ಲಿದ್ದಾನೆ, ಕುರಿಗಳನ್ನು ಅಟ್ಟುತ್ತಿದ್ದಾನೆ.