ಹಬ್ಬಕ್ಕೆ ಮೊದಲಿನ ಉಪವಾಸ: ಮಲೆನಾಡಿನ ಆಗಮನ ಕಾಲದ ಹಿನ್ನೆಲೆ

ನವೆಂಬರ್ ಕೊನೆಗೆ ಶಿವಮೊಗ್ಗದ ಅಂಗಡಿಗಳಲ್ಲಿ ನಕ್ಷತ್ರದ ಗೂಡುದೀಪ ತೂಗಿದ್ದೇ ತಡ, ಕ್ರಿಸ್‌ಮಸ್ ಬಂತು ಅನ್ನುತ್ತೇವೆ. ಕ್ಯಾಥೋಲಿಕ್ ಚರ್ಚಿನೊಳಗೆ ಮಾತ್ರ ಹಬ್ಬ ಇನ್ನೂ ದೂರ. ಗುರುಗಳು ನೇರಳೆ ಬಣ್ಣದ ಉಡುಪು ತೊಟ್ಟಿರುತ್ತಾರೆ, ಭಾನುವಾರದ ಬಲಿಪೂಜೆಯಲ್ಲಿ ದೇವರನ್ನು ಕೊಂಡಾಡುವ ಮಹಿಮಾಗೀತೆ (ಗ್ಲೋರಿಯಾ) ಕೇಳಿಸುವುದಿಲ್ಲ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗಿ ಡಿಸೆಂಬರ್ 24ರ ಸಂಜೆಯವರೆಗೆ ನಡೆಯುವ ಈ ನಾಲ್ಕು ವಾರಗಳೇ ಆಗಮನ ಕಾಲ.

ಇದರ ಬೇರು ಉಪವಾಸದಲ್ಲಿದೆ. ಕ್ರಿ.ಶ. 380ರಲ್ಲಿ ಸ್ಪೇನಿನ ಸರಗೋಸಾದಲ್ಲಿ ಸೇರಿದ ಬಿಷಪರ ಸಭೆ, ಡಿಸೆಂಬರ್ 17ರಿಂದ ಮೂರು ವಾರ ಯಾರೂ ಚರ್ಚ್ ತಪ್ಪಿಸಬಾರದೆಂದು ಕಟ್ಟಳೆ ಮಾಡಿತು. ನೂರು ವರ್ಷದ ನಂತರ ಫ್ರಾನ್ಸಿನ ಟೂರ್ಸ್‌ನಲ್ಲಿ ಬಿಷಪ್ ಪೆರ್ಪೆತುವಸ್, ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದರು. ರೋಮ್‌ನಲ್ಲಿ ಈ ಅವಧಿ ನಿಧಾನಕ್ಕೆ ನಾಲ್ಕು ಭಾನುವಾರಗಳಿಗೆ ಬಂದು ನಿಂತಿತು. ಕಾಲಕ್ರಮದಲ್ಲಿ ಉಪವಾಸ ಸಡಿಲವಾಯಿತು. ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಸುಧಾರಣೆ ತಂದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ ಬಂದ ಹೊಸ ನಿಯಮಾವಳಿ ಇದನ್ನು ಭಕ್ತಿ ತುಂಬಿದ, ಸಂತಸದ ನಿರೀಕ್ಷೆಯ ಕಾಲವೆಂದು ಕರೆಯಿತು. ಈಗ ಎಲ್ಲೆಡೆ ಕಾಣುವ ಬಳೆಯಾಕಾರದ ಹಸಿರು ಸೊಪ್ಪಿನ ಹಾರ ಮತ್ತು ಅದರ ಮೇಲಿನ ಮೇಣದಬತ್ತಿಗಳು ತೀರಾ ಈಚಿನವು. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ಹಬ್ಬ ಯಾವಾಗ ಎಂದು ಕೇಳುತ್ತಲೇ ಇದ್ದ ಮಕ್ಕಳಿಗಾಗಿ ಗಾಡಿಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಉಳಿದ ದಿನಕ್ಕೊಂದು ಚಿಕ್ಕ ಕೆಂಪು ಬತ್ತಿ.

ಉಪವಾಸ ಪೂರ್ತಿ ಮರೆಯಾಗಿದೆ ಎನ್ನುವಂತಿಲ್ಲ. ಅದನ್ನು ನೋಡಲು ಮಲೆನಾಡೇ ಸಾಕು. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಇಲ್ಲಿನ ಗುಡ್ಡಗಳಲ್ಲಿ ಬೇಸಾಯಕ್ಕಿಳಿದ ಸಿರಿಯನ್ ಕ್ರೈಸ್ತರು ತಮ್ಮ ‘ಇರುಪತ್ತಂಜು ನೋಂಬು’, ಅಂದರೆ ಇಪ್ಪತ್ತೈದು ದಿನದ ಉಪವಾಸ ವ್ರತ, ಕೂಡ ತಂದರು. ಡಿಸೆಂಬರ್ 1ರಿಂದ ಹಬ್ಬದವರೆಗೆ ಆ ಮನೆಗಳಲ್ಲಿ ಮೀನಿಲ್ಲ, ಮಾಂಸವಿಲ್ಲ. ಇವರಲ್ಲಿನ ಕ್ಯಾಥೋಲಿಕ್ ಪಂಗಡವಾದ ಸಿರೋ ಮಲಬಾರ್ ಸಭೆಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯವೇ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆಯಿತು. ರೋಮಿನ ಪೂಜಾವಿಧಿ ಅನುಸರಿಸುವ ಲ್ಯಾಟಿನ್ ಪದ್ಧತಿಯವರ ಶಿವಮೊಗ್ಗ ಧರ್ಮಪ್ರಾಂತ್ಯ 1988ರದ್ದು. ಹೀಗಾಗಿ ಒಂದೇ ಜಿಲ್ಲೆಯಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿ, ಬತ್ತಿ ಹಚ್ಚಿ ಕಾಯುವವರೂ ಬಾಯಿ ಕಟ್ಟಿ ಕಾಯುವವರೂ ಇದ್ದಾರೆ. ಬತ್ತಿ ಹಚ್ಚುವುದು ಸುಲಭ; ದಿನವೂ ಊಟದ ತಟ್ಟೆಯ ಮುಂದೆ ಹಬ್ಬವನ್ನು ನೆನೆಯುವುದು ಕಷ್ಟ. ನನಗೆ ಎರಡನೆಯದರ ಮೇಲೇ ಗೌರವ ಹೆಚ್ಚು.

ಇನ್ನೊಂದು ಸಂಗತಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಡಿಸೆಂಬರ್ 16ರವರೆಗೆ ಪೂಜೆಯಲ್ಲಿ ಓದುವ ಬೈಬಲ್ ಪಾಠಗಳು ಬೆತ್ಲೆಹೇಮಿನ ಕೂಸಿನ ಕುರಿತು ಹೆಚ್ಚು ಮಾತಾಡುವುದಿಲ್ಲ. ಕ್ರಿಸ್ತ ಮತ್ತೆ ಬರುವ ದಿನ, ಎಚ್ಚರವಾಗಿರಿ ಎಂಬ ಕರೆ, ಪಶ್ಚಾತ್ತಾಪಪಡಿ ಎನ್ನುವ ಸ್ನಾನಿಕ ಯೋಹಾನನ ಕೂಗು, ಇವೇ ಮುಂದೆ ಬರುತ್ತವೆ. 17ರಿಂದಷ್ಟೇ ಪೂಜಾವಿಧಿ ಯೇಸು ಹುಟ್ಟಿದ ಗೋದಲಿಯತ್ತ ತಿರುಗುತ್ತದೆ. ಪಾಪನಿವೇದನೆಗೆ ಸಾಲು ಬೆಳೆಯುವುದು, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಾತಾಡುವುದು ಈ ಹೊತ್ತಿನಲ್ಲೇ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಬಿಡುವಿಲ್ಲದ ದಿನಗಳೂ ಇವೇ. ಕೆಲಸ ಮುಗಿಸಿ, ಉಗುರಿನ ಸಂದಿನಲ್ಲಿ ಅಡಿಕೆ ಚೊಗರಿನ ಕಪ್ಪು ಹೊತ್ತು ಸಂಜೆ ಪೂಜೆಗೆ ಬರುವವರಿದ್ದಾರೆ.

ಈ ವಾರಗಳಲ್ಲಿ ಓದುವ ಪ್ರವಾದಿ ಯೆಶಾಯನ ಗ್ರಂಥದ ‘ಸಂತೈಸಿರಿ’ ಎಂಬ ಭಾಗ ಬಾಬಿಲೋನಿನಲ್ಲಿ ಗಡಿಪಾರಾಗಿದ್ದ, ಊರಿಗೆ ಮರಳುವ ದಾರಿಯೇ ಕಾಣದ ಯೆಹೂದ್ಯರಿಗೆ ಹೇಳಿದ್ದು. ಆದ್ದರಿಂದ ಇಲ್ಲಿ ನಿರೀಕ್ಷೆಯೆಂದರೆ ಎಲ್ಲ ಸರಿಹೋಗುತ್ತದೆಂಬ ಹಗುರ ಸಮಾಧಾನವಲ್ಲ. 2015ರಲ್ಲಿ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದನ್ನೂ, 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದದ್ದನ್ನೂ ಕಂಡ ಭದ್ರಾವತಿಗೆ, ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗುವುದನ್ನು ನೋಡುತ್ತಿರುವ ತೀರ್ಥಹಳ್ಳಿಗೆ ಈ ಪಾಠ ಓದಿದಾಗ, ಅದು ಎರಡೂವರೆ ಸಾವಿರ ವರ್ಷ ಹಿಂದಿನ ಮಾತು ಎನ್ನಿಸುವುದಿಲ್ಲ.